ಬಾವು ಮತ್ತು ಆಯಾಸ: ಒಂದು ರೋಗದ ಕಾರಣ ಹುಡುಕಿದ ಕಥೆ



ಇವತ್ತು ಒಂದು ರೋಗದ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೆ ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನೀಲಗಿರಿಯ ಕೂನೂರಿನಲ್ಲಿ. ಊಟಿ, ಕೂನೂರು ನೋಡಲು ಬರುವ ಸಾವಿರಾರು ಜನರಿಗೆ, ಇಲ್ಲಿಯೇ ಇರುವ ನಮ್ಮಲ್ಲಿ ಎಷ್ಟೋ ಜನರಿಗೆ ಅದು ಗೊತ್ತಿಲ್ಲ. ಆದ್ದರಿಂದ ಓದಿ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ರೋಗದ ಲಕ್ಷಣ ಕೇಳಿ. ದುಡಿಯುವ ಆಳಿಗೆ ಕಾರಣವಿಲ್ಲದೆ ಆಯಾಸ ಶುರುವಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಎದೆ ಡವಗುಟ್ಟುತ್ತದೆ, ಉಸಿರು ಮೇಲಕ್ಕೆ ಸಿಕ್ಕುತ್ತದೆ. ಸಂಜೆಯ ಹೊತ್ತಿಗೆ ಪಾದ, ಕಣಕಾಲು ಬಾತುಕೊಳ್ಳುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತದೆ. ಬಾವು ಮೊಣಕಾಲು, ತೊಡೆ, ಹೊಟ್ಟೆಯವರೆಗೆ ಏರುತ್ತದೆ. ಕೆಲವರಿಗೆ ಬಾವೇ ಇರುವುದಿಲ್ಲ. ಅವರ ಪಾದ ಜೋಮು ಹಿಡಿದಂತಾಗಿ, ಕುಕ್ಕರಗಾಲಿನಲ್ಲಿ ಕೂತರೆ ಏಳಲು ಆಗುವುದಿಲ್ಲ. ಜ್ವರವಿಲ್ಲ, ಗಾಯವಿಲ್ಲ. ಗಟ್ಟಿಮುಟ್ಟಾಗಿದ್ದ ಇಪ್ಪತ್ತೈದರ ಯುವಕ ಒಂದು ದಿನ ಎದೆ ಹಿಡಿದುಕೊಂಡು ಸತ್ತೇ ಹೋಗುತ್ತಾನೆ.

ಇದರ ಹೆಸರು ಬೆರಿಬೆರಿ. ಬಾವು ಬರುವುದನ್ನು ಒದ್ದೆ ಬೆರಿಬೆರಿ ಎಂದೂ ನರಗಳು ಸೋಲುವುದನ್ನು ಒಣ ಬೆರಿಬೆರಿ ಎಂದೂ ಕರೆದರು. ಹೆಸರು ಸಿಂಹಳ ಭಾಷೆಯದು, ‘ನನ್ನಿಂದಾಗದು, ನನ್ನಿಂದಾಗದು’ ಎಂದು ಅದರ ಅರ್ಥ ಎಂದು ಹೇಳುವುದುಂಟು. ಹದಿನೇಳನೆಯ ಶತಮಾನದಲ್ಲಿ ಜಾವಾ ದ್ವೀಪದ ಬಟಾವಿಯಾದಲ್ಲಿದ್ದ ಡಚ್ ವೈದ್ಯ ಬೊಂಟಿಯಸ್ ಈ ರೋಗವನ್ನು ವರ್ಣಿಸಿದ್ದಾನೆ. ನಮ್ಮ ಕಡೆ ಮದ್ರಾಸ್ ಸೈನ್ಯದ ವೈದ್ಯನಾಗಿದ್ದ ಮಾಲ್ಕಂಸನ್ 1835ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದು ಮದ್ರಾಸಿನಲ್ಲಿ ಅಚ್ಚು ಮಾಡಿಸಿದ. ಮದ್ರಾಸ್ ಪ್ರಾಂತ್ಯದಲ್ಲಿ ಇದರ ತವರು ಉತ್ತರ ಸರ್ಕಾರ್ ಜಿಲ್ಲೆಗಳು, ಅಂದರೆ ಈಗಿನ ಕರಾವಳಿ ಆಂಧ್ರ. ಸಿಪಾಯಿಗಳು, ಜೈಲಿನ ಕೈದಿಗಳು, ಹಡಗಿನ ಆಳುಗಳು, ಇವರೇ ಹೆಚ್ಚಾಗಿ ಬಲಿಯಾಗುತ್ತಿದ್ದರು.

ಕಾರಣ ಏನು? ಒಬ್ಬರು ತೇವದ ಹವೆ ಎಂದರು. ಒಬ್ಬರು ನೆಲದಿಂದ ಏಳುವ ವಿಷಗಾಳಿ ಎಂದರು. ಪಾಶ್ಚರ್, ಕಾಖ್ ಮುಂತಾದವರು ರೋಗಾಣುಗಳನ್ನು ತೋರಿಸಿಕೊಟ್ಟ ಮೇಲೆ ಎಲ್ಲರೂ ಇದಕ್ಕೂ ಒಂದು ರೋಗಾಣು ಇರಲೇಬೇಕೆಂದು ಸೂಕ್ಷ್ಮದರ್ಶಕ ಹಿಡಿದು ಕೂತರು. ಅಕ್ಕಿಯಲ್ಲಿ ವಿಷವಿದೆ ಎಂದವರೂ ಉಂಟು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳುತ್ತೇನೆ. ಕಂಪ್ಯೂಟರ್ ಬರುವ ಮೊದಲು ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ನಾವು ಲೆಡ್ಜರಿನಲ್ಲಿ ತಪ್ಪಾಗಿ ಬರೆದ ಅಂಕಿಯನ್ನು ಹುಡುಕುತ್ತಿದ್ದೆವು. 58 ಎಂಬುದು 85 ಆಗಿದ್ದರೆ ಕಣ್ಣಿಗೆ ಬೀಳುತ್ತದೆ. ಆದರೆ ಯಾವುದೋ ಒಂದು ಎಂಟ್ರಿಯನ್ನು ಬರೆಯುವುದೇ ಬಿಟ್ಟುಹೋಗಿದ್ದರೆ? ಎಷ್ಟು ಪುಟ ತಿರುವಿದರೂ ಅದು ಸಿಗುವುದಿಲ್ಲ, ಏಕೆಂದರೆ ಅದು ಪುಟದಲ್ಲಿಯೇ ಇಲ್ಲ. ಬೆರಿಬೆರಿಯ ವಿಷಯದಲ್ಲಿ ವೈದ್ಯರಿಗೆ ಆದದ್ದು ಇದೇ. ಮೈಯಲ್ಲಿ ಏನು ಹೊಕ್ಕಿದೆ ಎಂದು ಅವರು ಹುಡುಕುತ್ತಿದ್ದರು. ಊಟದಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಲು ಬಹಳ ಕಾಲ ಹಿಡಿಯಿತು.

ಮೊದಲು ದಾರಿ ತೋರಿಸಿದವನು ಜಪಾನಿನ ನೌಕಾಪಡೆಯ ವೈದ್ಯ ತಕಾಕಿ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದಿ 1880ರಲ್ಲಿ ಊರಿಗೆ ಮರಳಿದವನು. ಆಗ ಜಪಾನಿನ ನಾವಿಕರಿಗೆ ಬೆಳ್ಳನೆಯ ಅನ್ನವೇ ಊಟ. 1882ರ ಕೊನೆಯಲ್ಲಿ ರ‍್ಯೂಜೋ ಎಂಬ ಹಡಗು ದೂರಯಾನಕ್ಕೆ ಹೊರಟಿತು. ಅದರಲ್ಲಿದ್ದ 376 ಜನರಲ್ಲಿ 169 ಜನಕ್ಕೆ ಬೆರಿಬೆರಿಯಾಗಿ 25 ಜನ ಸತ್ತರು. ತಕಾಕಿ ಹಟ ಹಿಡಿದು 1884ರಲ್ಲಿ ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿದ. ಈ ಸಲ ಅನ್ನ ಕಡಿಮೆ ಮಾಡಿ ಮಾಂಸ, ಹಾಲು, ರೊಟ್ಟಿ, ಕಾಳು ಕೊಡಿಸಿದ. ಬೆರಿಬೆರಿಯಿಂದ ಒಬ್ಬನೂ ಸಾಯಲಿಲ್ಲ. ಮುಂದೆ ನೌಕಾಪಡೆಯ ಅನ್ನಕ್ಕೆ ಜವೆಗೋಧಿ ಬೆರೆಸಲಾಯಿತು. ರೋಗ ಬಹುಮಟ್ಟಿಗೆ ಮಾಯವಾಯಿತು.

ಸಸಾರಜನಕ ಕಡಿಮೆಯಾದದ್ದೇ ಕಾರಣವೆಂದು ತಕಾಕಿ ತಿಳಿದಿದ್ದ. ಅದು ಸರಿಯಲ್ಲ. ಮದ್ದು ಸರಿಯಾಗಿತ್ತು, ಕಾರಣ ತಪ್ಪಾಗಿತ್ತು. ಜಪಾನಿನ ಭೂಸೇನೆಯ ವೈದ್ಯರು ಇದನ್ನೇ ಹಿಡಿದುಕೊಂಡು ಅವನ ಮಾತು ಕೇಳಲಿಲ್ಲ, ಇದು ರೋಗಾಣುವಿನ ಕೆಲಸ ಎಂದೇ ಕೂತರು. 1904-05ರ ರಷ್ಯಾ ಯುದ್ಧದಲ್ಲಿ ಅವರ ಸೈನಿಕರಲ್ಲಿ ಎರಡು ಲಕ್ಷಕ್ಕೂ ಮೀರಿ ಬೆರಿಬೆರಿಗೆ ಸಿಕ್ಕಿ ಸುಮಾರು 27 ಸಾವಿರ ಜನ ಸತ್ತರು. ಪಂಡಿತರ ಹಟಕ್ಕೆ ಸಿಪಾಯಿಗಳು ಬೆಲೆ ತೆತ್ತರು.

ಎರಡನೆಯ ಅಧ್ಯಾಯ ಜಾವಾದ್ದು. ಡಚ್ ವೈದ್ಯ ಐಕ್‌ಮನ್ ಬಟಾವಿಯಾದ ಮಿಲಿಟರಿ ಆಸ್ಪತ್ರೆಯ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ರೋಗಾಣು ಹುಡುಕುತ್ತಿದ್ದ. ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು 1889ರಲ್ಲಿ ಇದ್ದಕ್ಕಿದ್ದಂತೆ ಕಾಲು ಸೋತು ಬಿದ್ದವು. ಚುಚ್ಚಿದ ಕೋಳಿಯೂ ಬಿತ್ತು, ಚುಚ್ಚದ ಕೋಳಿಯೂ ಬಿತ್ತು. ಕೆಲವು ತಿಂಗಳ ಮೇಲೆ ಎಲ್ಲವೂ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದರೆ ಗುಟ್ಟು ಅಡುಗೆಮನೆಯಲ್ಲಿ ಸಿಕ್ಕಿತು. ಕೋಳಿಗಳಿಗೆ ಆಸ್ಪತ್ರೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರಂತೆ. ಆಮೇಲೆ ಬಂದ ಹೊಸ ಅಡುಗೆಯವನು, ಮಿಲಿಟರಿಯವರ ಅನ್ನವನ್ನು ಕೋಳಿಗೆ ಹಾಕುವುದಿಲ್ಲ ಎಂದು ನಿಲ್ಲಿಸಿಬಿಟ್ಟ. ಕೋಳಿಗಳಿಗೆ ಹಳೆಯ ಒರಟು ಅಕ್ಕಿ ಸಿಕ್ಕಿತು, ಕಾಲು ಬಂತು. ಐಕ್‌ಮನ್ ಪರೀಕ್ಷೆ ಮಾಡಿ ನೋಡಿದ. ಪಾಲಿಶ್ ಅಕ್ಕಿ ಹಾಕಿದರೆ ಕೋಳಿ ಬೀಳುತ್ತದೆ, ಅದಕ್ಕೆ ತವುಡು ಬೆರೆಸಿದರೆ ಏಳುತ್ತದೆ.

ಕೋಳಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ? ಜಾವಾದ ಆರೋಗ್ಯಾಧಿಕಾರಿ ವೋರ್ಡರ್‌ಮನ್ ದ್ವೀಪದ ನೂರು ಜೈಲುಗಳ ಲೆಕ್ಕ ತೆಗೆದ. ಎರಡೂವರೆ ಲಕ್ಷಕ್ಕೂ ಹೆಚ್ಚು ಕೈದಿಗಳ ಲೆಕ್ಕ ಅದು. ಪಾಲಿಶ್ ಅಕ್ಕಿ ಹಾಕುವ ಜೈಲುಗಳಲ್ಲಿ 39 ಕೈದಿಗಳಿಗೆ ಒಬ್ಬನಂತೆ ಬೆರಿಬೆರಿ. ತವುಡು ಉಳಿದ ಕೆಂಪಕ್ಕಿಯ ಜೈಲುಗಳಲ್ಲಿ ಹತ್ತು ಸಾವಿರಕ್ಕೆ ಒಬ್ಬ. ಕಟ್ಟಡ ಹಳೆಯದೋ ಹೊಸದೋ, ಗಾಳಿ ಬೆಳಕು ಇದೆಯೋ ಇಲ್ಲವೋ ಎಂಬುದಕ್ಕೂ ರೋಗಕ್ಕೂ ಸಂಬಂಧ ಕಾಣಲಿಲ್ಲ. ಜೀವನವೆಲ್ಲ ಅಂಕಿಗಳ ನಡುವೆ ಕಳೆದ ನನಗೆ ಈ ಕಥೆಯಲ್ಲಿ ಬಹಳ ಮೆಚ್ಚುಗೆಯಾದ ಮನುಷ್ಯ ಈ ವೋರ್ಡರ್‌ಮನ್.

ಐಕ್‌ಮನ್ನನ ನಂತರ ಬಂದ ಗ್ರೈನ್ಸ್ 1901ರಲ್ಲಿ ಸರಿಯಾದ ಮಾತು ಹೇಳಿದ: ಅಕ್ಕಿಯಲ್ಲಿ ವಿಷವಿಲ್ಲ, ತವುಡಿನೊಂದಿಗೆ ನಾವು ಬಿಸಾಡುವ ಯಾವುದೋ ಒಂದು ಪದಾರ್ಥವಿಲ್ಲದೆ ನರಗಳು ಸೋಲುತ್ತವೆ. 1912ರಲ್ಲಿ ಫುಂಕ್ ಎಂಬ ವಿಜ್ಞಾನಿ ಇಂಥ ಪದಾರ್ಥಗಳಿಗೆ ವಿಟಮಿನ್ ಎಂಬ ಹೆಸರು ಕೊಟ್ಟ. ಇಂದು ಪ್ರತಿ ಮನೆಯಲ್ಲೂ ಕೇಳುವ ಈ ಮಾತು ಹುಟ್ಟಿದ್ದು ಬೆರಿಬೆರಿಯ ಹುಡುಕಾಟದಿಂದ. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಬಂತು.

ಈಗ ನಮ್ಮ ಕಡೆಯವರ ಮಾತಿಗೆ ಬರೋಣ. ಮಲಯ ದೇಶದ ತವರದ ಗಣಿಗಳಲ್ಲಿ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದರು. ಅದೇ ದೇಶದ ತೋಟಗಳಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಗಳಿಗೆ ಮಾತ್ರ ಈ ರೋಗ ಅಪರೂಪ. ಇಬ್ಬರೂ ಬಡವರು, ಇಬ್ಬರಿಗೂ ಅನ್ನವೇ ಆಹಾರ. ಬ್ರಾಡನ್ ಎಂಬ ವೈದ್ಯ ಇದನ್ನು ಗಮನಿಸಿ 1907ರಲ್ಲಿ ಪುಸ್ತಕ ಬರೆದ. ಚೀನೀಯರು ತಿನ್ನುತ್ತಿದ್ದದ್ದು ಸಯಾಮಿನ ಬೆಳ್ಳನೆಯ ಗಿರಣಿ ಅಕ್ಕಿ. ತಮಿಳರು ತಿನ್ನುತ್ತಿದ್ದದ್ದು ಇಂಡಿಯಾದಿಂದ ತರಿಸಿದ ಪುಳುಂಗಲ್, ಅಂದರೆ ಕಾಸರಗೋಡಿನ ಶ್ರೋತೃಗಳು ಕುಚ್ಚಿಲಕ್ಕಿ ಎನ್ನುವ ಅಕ್ಕಿ. ಅದೇ ಸುಮಾರಿಗೆ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ಫ್ಲೆಚರ್ ಎಂಬ ವೈದ್ಯ ರೋಗಿಗಳನ್ನು ಸಾಲಾಗಿ ಎಣಿಸಿ, ಬೆಸಸಂಖ್ಯೆಯವರಿಗೆ ಬೆಳ್ಳಕ್ಕಿ, ಸಮಸಂಖ್ಯೆಯವರಿಗೆ ಕುಚ್ಚಿಲಕ್ಕಿ ಕೊಡಿಸಿ ನೋಡಿದ. ಬೆಳ್ಳಕ್ಕಿಯವರಲ್ಲಿ 18 ಜನ ಬೆರಿಬೆರಿಯಿಂದ ಸತ್ತರು. ಕುಚ್ಚಿಲಕ್ಕಿಯವರಲ್ಲಿ ಅದರಿಂದ ಒಬ್ಬನೂ ಸಾಯಲಿಲ್ಲ. ಇಂದು ಅಂಥ ಪರೀಕ್ಷೆಗೆ ಯಾರೂ ಒಪ್ಪಿಗೆ ಕೊಡಲಾರರು. ಆ ಹದಿನೆಂಟು ಜನ ಯಾರೋ, ಯಾವ ಊರಿನವರೋ. ಅವರ ಋಣ ನಮ್ಮ ಮೇಲಿದೆ.

ಕುಚ್ಚಿಲಕ್ಕಿಯ ಗುಟ್ಟು ಇಷ್ಟೇ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ಹೊರಪದರದ ವಿಟಮಿನ್ ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಯಲ್ಲಿ ತವುಡು ಹೋದರೂ ಅದು ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯಲ್ಲಿ ಅದು ತವುಡಿನ ಜೊತೆಯೇ ಹೊರಟುಹೋಗುತ್ತದೆ. ವಿಟಮಿನ್ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಹೆಂಗಸರು ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದರು.

ಇನ್ನು ಕೂನೂರು. ಸಿಮ್ಸ್ ಪಾರ್ಕಿನ ಹತ್ತಿರ ಪಾಶ್ಚರ್ ಸಂಸ್ಥೆ ಇದೆ. 1907ರಲ್ಲಿ ಶುರುವಾದದ್ದು, ಹುಚ್ಚುನಾಯಿ ಕಡಿತದ ಮದ್ದಿಗೆ ಹೆಸರಾದದ್ದು. ಕೂನೂರು ಶಾಖೆಯಲ್ಲಿದ್ದಾಗ ನಾನು ಅದರ ಮುಂದೆ ದಿನಾಲೂ ನಡೆದು ಹೋದವನು. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ಮಿಲಿಟರಿ ವೈದ್ಯ ಅಲ್ಲಿನ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ವಿಚಾರಣಾ ಘಟಕ ಆರಂಭಿಸಿದರು. ಪಾರಿವಾಳಗಳಿಗೂ ಇಲಿಗಳಿಗೂ ಬಗೆಬಗೆಯ ಆಹಾರ ಕೊಟ್ಟು, ಏನು ಇಲ್ಲದಿದ್ದರೆ ಯಾವ ಅಂಗ ಕೆಡುತ್ತದೆ ಎಂದು ನೋಡಿದರು. 1923ರಲ್ಲಿ ಖರ್ಚು ಉಳಿಸಬೇಕೆಂದು ಸರ್ಕಾರ ಆ ಕೆಲಸವನ್ನೇ ನಿಲ್ಲಿಸಿತು. ಎರಡು ವರ್ಷದ ಮೇಲೆ ಮತ್ತೆ ನಡೆಯಿತು. 1928ರಲ್ಲಿ ಅದು ಪೌಷ್ಟಿಕ ಸಂಶೋಧನಾಲಯವಾಗಿ ಬೆಳೆಯಿತು. 1924ರಲ್ಲಿ ಮೆಕ್ಯಾರಿಸನ್ ಮತ್ತು ನಾರಿಸ್ ಇಬ್ಬರೂ ಸೇರಿ ಇಂಡಿಯಾದಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧದ ಮೇಲೆ ದೊಡ್ಡ ವರದಿ ಪ್ರಕಟಿಸಿದರು.

ಮೆಕ್ಯಾರಿಸನ್ನರ ಇನ್ನೊಂದು ಪ್ರಯೋಗವನ್ನು ಕನ್ನಡಿಗರಾದ ನಾವು ಕೇಳಲೇಬೇಕು. ದೇಶದ ಬೇರೆ ಬೇರೆ ಜನರ ಊಟವನ್ನು ಅವರು ಇಲಿಗಳ ಗುಂಪುಗಳಿಗೆ ಕೊಟ್ಟು ತೂಕ ಹಾಕಿದರು. ಗೋಧಿರೊಟ್ಟಿ, ಹಾಲು, ಬೇಳೆ, ಸೊಪ್ಪು ಇರುವ ಸಿಖ್ಖರ ಊಟ ತಿಂದ ಇಲಿ ಸರಾಸರಿ 235 ಗ್ರಾಂ ತೂಗಿತು. ಪಠಾಣರದು, ಮರಾಠರದು, ಗೂರ್ಖರದು ಅನಂತರ ಬಂದವು. ಕನ್ನಡಿಗರ ಊಟಕ್ಕೆ ಐದನೆಯ ಸ್ಥಾನ, 185 ಗ್ರಾಂ. ಅದರ ಕೆಳಗೆ ಬಂಗಾಳಿ ಊಟ, ಎಲ್ಲಕ್ಕಿಂತ ಕೆಳಗೆ 155 ಗ್ರಾಮಿಗೆ ಮದ್ರಾಸಿ ಊಟ. ಬಿಳಿ ಅನ್ನ ಹೆಚ್ಚಾದಷ್ಟೂ ಹಾಲು, ಕಾಳು, ಸೊಪ್ಪು ಕಡಿಮೆಯಾದಷ್ಟೂ ತೂಕ ಇಳಿಯುತ್ತ ಬಂದಿತ್ತು. ಐದನೆಯ ಸ್ಥಾನ ಹೆಮ್ಮೆಪಡುವಂಥದ್ದಲ್ಲ.

1935ರಲ್ಲಿ ಮೆಕ್ಯಾರಿಸನ್ ನಿವೃತ್ತರಾದ ಮೇಲೆ ಏಕ್ರಾಯ್ಡ್ ಬಂದರು. ಅವರೂ ಅವರ ಜೊತೆಗಾರರೂ ಪ್ರಯೋಗಶಾಲೆಯಲ್ಲೇ ಕೂರದೆ ಸರ್ಕಾರ್ ಜಿಲ್ಲೆಗಳಿಗೆ ಹೋಗಿ ಜನರ ಅಡುಗೆ ನೋಡಿದರು. ಅಕ್ಕಿಯನ್ನು ಎಷ್ಟು ಸಲ ತೊಳೆಯುತ್ತಾರೆ, ಗಂಜಿ ಬಸಿದು ಚೆಲ್ಲುತ್ತಾರೆಯೇ ಎಂದೆಲ್ಲ ಬರೆದುಕೊಂಡರು. ಗಿರಣಿಯಲ್ಲಿ ಉಳಿದ ಅಷ್ಟಿಷ್ಟು ವಿಟಮಿನ್ ತೊಳೆದ ನೀರಿನಲ್ಲಿಯೂ ಬಸಿದ ಗಂಜಿಯಲ್ಲಿಯೂ ಹೋಗಿಬಿಡುತ್ತದೆ. 1941ರಲ್ಲಿ ಏಕ್ರಾಯ್ಡ್ ಮತ್ತು ಕೃಷ್ಣನ್ ಇನ್ನೊಂದು ದುಃಖದ ಸಂಗತಿಯನ್ನು ತೋರಿಸಿದರು. ಬೆರಿಬೆರಿ ಸೀಮೆಯಲ್ಲಿ ಎರಡರಿಂದ ಐದು ತಿಂಗಳ ಹಸುಗೂಸುಗಳು ಬೇರೆ ಕಡೆಗಿಂತ ಹೆಚ್ಚಾಗಿ ಸಾಯುತ್ತಿದ್ದವು. ತಾಯಿಯ ಊಟದಲ್ಲಿ ಇಲ್ಲದ್ದು ಎದೆಹಾಲಿನಲ್ಲಿಯೂ ಇರಲಿಲ್ಲ.

ಆ ಹೊತ್ತಿಗೆ ಪದಾರ್ಥವೂ ಕೈಗೆ ಸಿಕ್ಕಿತ್ತು. 1926ರಲ್ಲಿ ಜಾವಾದಲ್ಲಿ ಯಾನ್ಸೆನ್ ಮತ್ತು ಡೊನಾತ್ ತವುಡಿನಿಂದ ಅದರ ಹರಳು ತೆಗೆದರು. 1936ರಲ್ಲಿ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅದನ್ನು ಕಾರ್ಖಾನೆಯಲ್ಲಿ ಮಾಡುವ ವಿಧಾನ ಕಂಡುಹಿಡಿದ. ಅದೇ ಥಯಾಮಿನ್, ಅಂದರೆ ವಿಟಮಿನ್ ಬಿ ಒಂದು. ಈ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆಲ್ಲೂರಿನಲ್ಲಿ, ಪಾದ್ರಿಗಳ ಮನೆಯಲ್ಲಿ. ಕೂನೂರಿನ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಅದೇ. ತೆಲಂಗಾಣದ ನಮ್ಮ ಶ್ರೋತೃಗಳು ಆ ಫಲಕ ನೋಡಿದಾಗ ಅದರ ಬೇರು ನೀಲಗಿರಿಯ ಒಂದು ಕೋಣೆಯಲ್ಲಿತ್ತು ಎಂದು ನೆನೆಯಬಹುದು.

ಥಯಾಮಿನ್ ಇಲ್ಲದಿದ್ದರೆ ಬಾವು ಏಕೆ ಬರುತ್ತದೆ? ನಾವು ತಿಂದ ಅನ್ನದ ಸಕ್ಕರೆಯನ್ನು ಮೈ ಸುಟ್ಟು ಶಕ್ತಿ ಮಾಡಿಕೊಳ್ಳಲು ಅದು ಬೇಕು. ಅದಿಲ್ಲದಿದ್ದರೆ ಸೌದೆ ಇದ್ದೂ ಒಲೆ ಉರಿಯದಂತಾಗುತ್ತದೆ. ಹೃದಯ ಸೋಲುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ನೀರು ಕಾಲಿಗೆ ಇಳಿದು ನಿಲ್ಲುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಒಂದರಿಂದ ಒಂದೂವರೆ ಮಿಲಿಗ್ರಾಂ. ಮೈಯಲ್ಲಿ ಕೂಡಿಟ್ಟದ್ದು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಹೈದರಾಬಾದಿನ ಸಂಸ್ಥೆ ಬಹಳ ಕಾಲ ಪ್ರಕಟಿಸುತ್ತ ಬಂದ ಪಟ್ಟಿಯ ಪ್ರಕಾರ ನೂರು ಗ್ರಾಂ ಪಾಲಿಶ್ ಬೆಳ್ತಿಗೆ ಅಕ್ಕಿಯಲ್ಲಿ ಥಯಾಮಿನ್ 0.06 ಮಿಲಿಗ್ರಾಂ, ಕುಚ್ಚಿಲಕ್ಕಿಯಲ್ಲಿ 0.21, ರಾಗಿಯಲ್ಲಿ 0.42. ರಾಗಿಯಲ್ಲಿ ಬೆಳ್ಳಕ್ಕಿಯ ಏಳರಷ್ಟು! ತಾಳವಾಡಿ, ಹೊಸೂರು, ಮಡಕಶಿರಾದ ಮುದ್ದೆ ತಿನ್ನುವವರು, ಸೊಲ್ಲಾಪುರ, ಜತ್ತದ ಜೋಳದ ರೊಟ್ಟಿಯವರು, ನೀಲಗಿರಿಯ ಹಟ್ಟಿಗಳಲ್ಲಿ ರಾಗಿ, ಸಾಮೆ ಬೆಳೆದು ಉಂಡ ಬಡಗರು, ಇವರ ಬಡತನದ ಊಟದಲ್ಲಿ ಈ ರೋಗಕ್ಕೆ ಜಾಗವಿರಲಿಲ್ಲ. ನಾವು ಚಿಕ್ಕವರಿದ್ದಾಗ ಬೆಳ್ಳನೆಯ ಅನ್ನ ಹಬ್ಬದ ಊಟ, ಅದನ್ನು ದಿನಾಲೂ ಉಣ್ಣುವವರೇ ಸ್ಥಿತಿವಂತರು. ಈಗ ರೇಷನ್ ಅಂಗಡಿಯ ದಯೆಯಿಂದ ಬಡವರ ಮನೆಯಲ್ಲೂ ಮೂರು ಹೊತ್ತು ಬೆಳ್ಳನೆಯ ಅನ್ನ. ಹಸಿವು ಹೋಯಿತು, ಒಳ್ಳೆಯದು. ಆದರೆ ಅಟ್ಟದ ಮೇಲಿನ ರಾಗಿ ಡಬ್ಬಿಯೂ ಹೋಯಿತು.

ಒದ್ದೆ ಬೆರಿಬೆರಿಯಂತೆಯೇ ಕಾಣುವ ಇನ್ನೊಂದು ರೋಗವೂ ಇದೆ. 1877ರಲ್ಲಿ ಕಲ್ಕತ್ತದಲ್ಲಿ ಬಾವಿನ ಪಿಡುಗು ಬಂದಾಗ ಅದನ್ನೂ ಬಹಳ ವರ್ಷ ಬೆರಿಬೆರಿಯ ಜೊತೆ ಕಲಸಿದರು. ಕಾರಣ ಅಕ್ಕಿಯಲ್ಲಿರಲಿಲ್ಲ, ಸಾಸಿವೆ ಎಣ್ಣೆಯಲ್ಲಿತ್ತು. ನಮ್ಮಲ್ಲಿ ಅರಿಸಿನ ಉಮ್ಮತ್ತಿ ಎನ್ನುವ ಹಳದಿ ಹೂವಿನ ಮುಳ್ಳುಗಿಡದ ಬೀಜದ ಎಣ್ಣೆ ಅದರಲ್ಲಿ ಬೆರೆತಿತ್ತು. 1926ರಲ್ಲಿ ಆ ಕಡೆ ಬೆರಳು ತೋರಿಸಲಾಯಿತು, ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಖಚಿತವಾಯಿತು. ಆದರೂ 1998ರಲ್ಲಿ ದೆಹಲಿಯಲ್ಲಿ ಅದೇ ಕಲಬೆರಕೆಯಿಂದ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಂದರಲ್ಲಿ ಊಟದಿಂದ ತೆಗೆದದ್ದು ಕೊಂದಿತು, ಇನ್ನೊಂದರಲ್ಲಿ ಊಟಕ್ಕೆ ಸೇರಿಸಿದ್ದು ಕೊಂದಿತು. ಬಾವು ಮಾತ್ರ ಒಂದೇ.

ಇದೆಲ್ಲ ಹಳೆಯ ಕಥೆ ಎಂದು ಕೇಳಿ ಬಿಡುವಂತಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಾಶ್ಮೀರದಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ ಕೆಲವು ತಿಂಗಳ ಕೂಸುಗಳು ಏದುಸಿರು ಬಿಡುತ್ತ ದೊಡ್ಡಾಸ್ಪತ್ರೆಗೆ ಬಂದಾಗ, ವೈದ್ಯರು ಥಯಾಮಿನ್ ಕೊಟ್ಟು ಕೆಲವೇ ಗಂಟೆ, ದಿನಗಳಲ್ಲಿ ಚೇತರಿಕೆ ಕಂಡು ವರದಿ ಮಾಡಿದ್ದಾರೆ. ಬೆಂಗಳೂರಿನ ಹೃದ್ರೋಗ ವೈದ್ಯರು ತಾಯಂದಿರನ್ನು ವಿಚಾರಿಸಿದರೆ ಸಿಕ್ಕಿದ್ದು ಪಾಲಿಶ್ ಅಕ್ಕಿಯ ಅನ್ನ ಮತ್ತು ಕಟ್ಟುನಿಟ್ಟಿನ ಬಾಣಂತಿ ಪಥ್ಯ. ಸೊಪ್ಪು ಬೇಡ, ಕಾಳು ಬೇಡ, ಬೇಳೆ ವಾಯು, ಬರೀ ಬೆಳ್ಳನೆಯ ಅನ್ನ, ತುಪ್ಪ, ಮೆಣಸಿನ ಸಾರು. ನಮ್ಮ ಮನೆಯಲ್ಲಿಯೂ ಮಗಳ ಬಾಣಂತನದಲ್ಲಿ ಈ ಚರ್ಚೆ ನಡೆಯಿತು. ಬೀಗಿತ್ತಿ ಪಥ್ಯದ ಕಡೆ, ನಮ್ಮವಳು ರಾಗಿ ಅಂಬಲಿಯ ಕಡೆ. ಮೂರನೆಯ ದಿನ ಬೀಗಿತ್ತಿಯೇ, ‘ಅಂಬಲಿ ಕುಡಿದರೆ ಹಾಲು ಚೆನ್ನಾಗಿ ಬರುತ್ತಂತೆ, ಕೊಡಿ ಅಕ್ಕಾ’ ಎಂದು ಒಪ್ಪಿದರು. ಹಿರಿಯರ ಪಥ್ಯವನ್ನೆಲ್ಲ ನಾನು ಹಳಿಯುವುದಿಲ್ಲ. ಆದರೆ ಅವರ ಕಾಲದ ಬಾಣಂತಿ ಉಂಡದ್ದು ಒನಕೆಯಲ್ಲಿ ಕುಟ್ಟಿದ ಅಕ್ಕಿ. ಅಕ್ಕಿ ಬದಲಾಯಿತು, ಪಥ್ಯ ಬದಲಾಗಲಿಲ್ಲ. ತೊಂದರೆ ಇರುವುದು ಇಲ್ಲಿ.

ಸಾರಾಯಿಗೆ ಬಿದ್ದು ಊಟ ಬಿಟ್ಟವರಿಗೂ ಈ ರೋಗ ಇಂದಿಗೂ ಬರುತ್ತದೆ. ಚಹದಲ್ಲಿಯೂ ಅಡಿಕೆಯಲ್ಲಿಯೂ ಥಯಾಮಿನ್ ಕೆಡಿಸುವ ಅಂಶಗಳಿವೆ. ಚಹದ ನಾಡಿನಿಂದ ನಾನು ಹೇಳುವುದು, ಅಡಿಕೆಯ ನಾಡಿನಲ್ಲಿ ಕಾಸರಗೋಡಿನವರು ಕೇಳುವುದು ಇಬ್ಬರಿಗೂ ಕಷ್ಟವೇ. ಬಿಡಬೇಕಾಗಿಲ್ಲ, ಆದರೆ ಊಟದ ಜೊತೆ ಜೊತೆಗೇ ಬೇಡ.

ಕೊನೆಯಲ್ಲಿ ಒಂದು ಎಚ್ಚರಿಕೆ. ಕಾಲು ಬಾತ ಮಾತ್ರಕ್ಕೆ ಬೆರಿಬೆರಿ ಎಂದು ತಿಳಿದು ಅಂಗಡಿಯಿಂದ ಮಾತ್ರೆ ತಂದು ನುಂಗಿ ಸುಮ್ಮನಾಗಬಾರದು. ಹೃದಯ, ಮೂತ್ರಪಿಂಡ, ಯಕೃತ್ತು, ಥೈರಾಯಿಡ್, ರಕ್ತಹೀನತೆ, ಯಾವುದರಿಂದಲೂ ಬಾವು ಬರಬಹುದು. ಬಸುರಿಯ ಮುಖ ಕೈ ಬಾತರೆ ಅದು ಬೇರೆಯದೇ ಅಪಾಯದ ಸೂಚನೆ. ಬಾವು, ಆಯಾಸ ಕಂಡರೆ, ವಯಸ್ಸಾಯಿತು, ನಡೆದದ್ದು ಹೆಚ್ಚಾಯಿತು ಎಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಿ. ಹೋದಾಗ ಮೂರು ಹೊತ್ತು ಏನು ಉಣ್ಣುತ್ತೀರಿ, ಯಾವ ಅಕ್ಕಿ, ಯಾವ ಎಣ್ಣೆ, ಕುಡಿಯುವ ಚಟ ಇದೆಯೇ ಎಂಬುದನ್ನು ಮುಚ್ಚಿಡದೆ ಹೇಳಿ. ವೈದ್ಯರು ಕೇಳದಿದ್ದರೂ ಹೇಳಿ. ನಾವಿಕರು, ಕೈದಿಗಳು, ಕೂಲಿಗಳು, ಹಸುಗೂಸುಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಸತ್ತ ಮೇಲೆ ವೈದ್ಯರು ಕೇಳಲು ಕಲಿತ ಪ್ರಶ್ನೆ ಅದು.